ಭುಜ ಹಿಡಿದ ಕೈ

ಇಂಥದ್ದನ್ನೆಲ್ಲ ನಾನು ನಂಬುವವನಾಗಿರಲಿಲ್ಲ. ನಮ್ಮ ಹೋಟೆಲಿನಲ್ಲಿ ಯಾರಾದರೂ ಚಹಾ ಕುಡಿಯುತ್ತಾ ದೆವ್ವದ ಕತೆ ತೆಗೆದರೆ, ಗ್ಯಾಸ್ ಆಗಿರಬೇಕು, ಒಂದು ಸೋಡಾ ಕುಡಿಯಿರಿ ಎಂದು ನಗುತ್ತಿದ್ದೆ. ಈಗ ನಗಲು ಬಾಯಿ ಬರುವುದಿಲ್ಲ.

ಹೆಂಡತಿ ಶಶಿಕಲಾಳಿಗೆ ಭಾರೀ ಗೊರಕೆ. ಬಿ.ಸಿ.ರೋಡಿನ ಹೋಟೆಲನ್ನು ಬೆಳಕು ಹರಿಯುವ ಮೊದಲೇ ತೆರೆಯಬೇಕು, ನನಗೆ ನಿದ್ದೆ ಬೇಕು. ಬೇರೆ ಮಲಗುತ್ತೇನೆಂದರೆ ಅವಳಿಗೆ ಬೇಸರವಾದೀತು. ಹಾಗಾಗಿ ಅವಳಿಗೆ ನಿದ್ದೆ ಹತ್ತಿದ ಮೇಲೆ ಮೆಲ್ಲನೆ ತಾರಸಿಯ ಕೋಣೆಗೆ ಹೋಗಿ ಮಲಗುತ್ತಿದ್ದೆ. ಅಲಾರಂ ಆದಾಗ ಕೆಳಗಿಳಿದು ಪಕ್ಕದಲ್ಲಿ ಬಿದ್ದುಕೊಳ್ಳುತ್ತಿದ್ದೆ. ವರ್ಷಗಟ್ಟಲೆ ನಡೆದ ಈ ಕಳ್ಳಾಟ ಅವಳಿಗೆ ಗೊತ್ತೇ ಆಗಲಿಲ್ಲ.

ಅವಳು ಹಗಲೂ ತೂಕಡಿಸತೊಡಗಿದಾಗ ಮೂಡುಬಿದಿರೆಯ ಡಾಕ್ಟರು ನಿದ್ದೆಯ ಪರೀಕ್ಷೆಗೆಂದು ಯಂತ್ರ ಕೊಟ್ಟು ಕಳಿಸಿದರು. ಎದೆಗೆ ಪಟ್ಟಿ, ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್. ಕ್ಲಿಪ್ ಜಾರಿದರೆ ಸರಿಮಾಡಲು ನಾನು ಪಕ್ಕದಲ್ಲೇ ಇರಬೇಕಿತ್ತು. ಆ ರಾತ್ರಿಯೂ ಮೇಲೆ ಹೋದೆ. ಮನೆಯಲ್ಲಿ ನಾವಿಬ್ಬರೇ, ಬಾಗಿಲು ಭದ್ರವಾಗಿತ್ತು.

ವರದಿ ಬಂದಾಗ ಡಾಕ್ಟರು ವಿವರಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಅವಳ ಉಸಿರೇ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ತೀವ್ರ ಮಟ್ಟದ್ದು. ನಾನು ಗೊರಕೆಯೆಂದು ಬಿಟ್ಟು ಓಡಿದ್ದು ಇದನ್ನು.

"ಅಂಗಾತ ಮಲಗಿದಾಗ ಹೆಚ್ಚು. ಆದರೆ ಆಮ್ಲಜನಕ ತೀರಾ ಇಳಿದಾಗೆಲ್ಲ ಇವರು ಮಗ್ಗುಲಾಗಿದ್ದಾರೆ. ಕೂಡಲೇ ಗೆರೆ ಮೇಲೇರಿದೆ, ನೋಡಿ," ಎಂದರು.

"ನಾನಲ್ಲ ಡಾಕ್ಟ್ರೆ, ಇವರು," ಎಂದಳು ಶಶಿಕಲಾ. "ರಾತ್ರಿಯಿಡೀ ಭುಜ ಹಿಡಿದು ಮಗ್ಗುಲು ಮಾಡಿಸ್ತಾರೆ, ಪಾಪ. ಎಷ್ಟು ವರ್ಷದಿಂದ. ಬೆಳಗಾದರೆ ಹೋಟೆಲು ಬೇರೆ ಉಂಟು ಇವರಿಗೆ."

"ನೀವು ಇದ್ದದ್ದು ಒಳ್ಳೆಯದಾಯಿತು," ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ, ಇವತ್ತಿಗೂ ಹೇಳಿಲ್ಲ.

ಉಸಿರುಕಟ್ಟಿ ಅವಳೇ ಹೊರಳಿರಬಹುದು, ಕೈ ಬರೀ ಕನಸಿರಬಹುದು. ಹಾಗೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ಯಾಕೆಂದರೆ ವರದಿ ಬಂದ ದಿನ ರಾತ್ರಿ ನಾನು ತಾರಸಿಗೆ ಹೋಗದೆ ಅವಳ ಪಕ್ಕದಲ್ಲಿ ಎಚ್ಚರವಿದ್ದೆ. ಗೊರಕೆ ಒಮ್ಮೆಲೇ ನಿಂತಿತು, ಉಸಿರು ಬರಲಿಲ್ಲ. ಹೆದರಿ ಭುಜ ಹಿಡಿದು ಮಗ್ಗುಲು ಮಾಡಿಸಿದೆ.

ಅವಳು ಬೆಚ್ಚಿಬಿದ್ದು ಕಣ್ಣು ಬಿಟ್ಟಳು. "ಏರ್?" ಎಂದು ತುಳುವಿನಲ್ಲಿ ಕೇಳಿದಳು, ಯಾರದು ಎಂದು.

ನಾನೇ ಎಂದೆ. ಭುಜದ ಮೇಲಿದ್ದ ನನ್ನ ಕೈಯನ್ನು ಮುಟ್ಟಿ ನೋಡಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಎದ್ದು ಲೈಟು ಹಾಕಿ ನೋಡಿದಳು.