ಮಾಳಮ್ಮನ ಕಥೆಗೆ ನಾನು ಹಾಕಿದ ಸದ್ದು

ಕಳೆದ ವಾರ ಒಬ್ಬ ಕಲಾವಿದೆಯ ಹನ್ನೊಂದು ತಿಂಗಳ ಕೆಲಸವನ್ನು ಎಂಟು ನಿಮಿಷದಲ್ಲಿ ಹಾಳುಮಾಡುವುದರಲ್ಲಿದ್ದೆ. ಬೇಕಂತಲೇ ಅಲ್ಲ. ಬಹಳ ಪ್ರೀತಿಯಿಂದ, ಹೆಡ್‌ಫೋನ್ ಹಾಕಿಕೊಂಡು.

ಕಲಾವಿದೆ ಅಂದರೆ ಬೀದರಿನ ನಮ್ಮ ಗ್ರೇಸ್ ಟೀಚರ್. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಾರೆ. ಒಂದು ಕೋಣೆಯ ತುಂಬ ಕರಿ ಕಂಬಳಿಗಳನ್ನು ತೂಗುಹಾಕಿ ನಡುವೆ ಕಾಲುಹಾದಿ ಬಿಟ್ಟಿದ್ದರು. ನೋಡಲು ಬಂದವರು ಆ ಹಾದಿಯಲ್ಲಿ ನಡೆಯಬೇಕು. ನಡೆಯುವಾಗ ಸ್ಪೀಕರಿನಲ್ಲಿ, ಠಾಣಾ ಕುಶನೂರ ಕಡೆ ಕುರಿ ಮೇಯಿಸುವ ಮಾಳಮ್ಮ ತಮ್ಮ ಒಂದು ದಿನದ ಕಥೆ ಹೇಳುತ್ತಾರೆ. (ಇದಕ್ಕೆ ಇನ್‌ಸ್ಟಾಲೇಶನ್ ಎನ್ನಬೇಕಂತೆ. ಫೋಟೋ ನೋಡಿದ ನಮ್ಮವ್ವ, "ಕಂಬಳಿ ಒಣಗ ಹಾಕ್ಯಾರೇನು?" ಅಂದಳು.)

"ಕಥಿ ಹಿಂದ ಸಣ್ಣಗ ಏನರ ಆವಾಜ್ ಬೇಕ್ರಿ. ಹಾಡು ಬ್ಯಾಡ. ಮಂದಿಗಿ ಹೊಲದಾಗ ನಿಂತಂಗ ಅನ್ನಿಸಬೇಕು" ಎಂದರು ಟೀಚರ್.

ಕಿವಿಗೆ ಬಿದ್ದದ್ದನ್ನೆಲ್ಲ ರೆಕಾರ್ಡ್ ಮಾಡುವ ಚಟ ನನಗಿದೆ. ಬಸ್‌ಸ್ಟ್ಯಾಂಡಿನ ಗಲಾಟೆ, ಮಿರ್ಚಿ ಎಣ್ಣೆಗೆ ಬೀಳುವ ಸದ್ದು ಎಲ್ಲವೂ ಮೊಬೈಲಿನಲ್ಲಿವೆ. ಕುರಿ ಮಾತ್ರ ಇರಲಿಲ್ಲ!

ಮರುದಿನವೇ ಭಾಲ್ಕಿ ಹತ್ತಿರದ ನಮ್ಮೂರಿಗೆ ಹೋದೆ. ಮಟಮಟ ಮಧ್ಯಾಹ್ನ. ಪರಿಚಯದವರ ದೊಡ್ಡಿಯಲ್ಲಿ ದೊಡ್ಡ ಕುರಿಗಳಿರಲಿಲ್ಲ, ಮೇಯಲು ಹೋಗಿದ್ದವು. ಬೇಲಿಯೊಳಗೆ ಮರಿಗಳಷ್ಟೇ ಇದ್ದವು. ನನ್ನನ್ನು ಕಂಡದ್ದೇ ತಡ, ಎಲ್ಲವೂ ಒಟ್ಟಿಗೆ ಶುರುಮಾಡಿದವು. ಆಹಾ, ಎಂಥ ಮುದ್ದು ಸ್ವರ! ಅದಕ್ಕೆ ಒಂದಿಷ್ಟು ಗಾಳಿಯ ಸದ್ದು ಬೆರೆಸಿ, ಎಂಟು ನಿಮಿಷಕ್ಕೆ ಎಳೆದು, ಮಾಳಮ್ಮನ ಮಾತಿನ ಕೆಳಗೆ ಹಾಸಿದೆ.

ಟೀಚರ್ ಕಣ್ಣುಮುಚ್ಚಿ ಕೇಳಿ, "ಎಷ್ಟು ಶಾಂತ ಅದ ಅಲ್ರೀ" ಎಂದರು. ನಾನು ಉಬ್ಬಿಹೋದೆ.

ಉದ್ಘಾಟನೆಗೆ ಎರಡು ದಿನ ಇರುವಾಗ ಮಾಳಮ್ಮನನ್ನು ಬೀದರಿಗೆ ಕರೆಸಿ ಕೇಳಿಸಿದೆವು. ತಮ್ಮದೇ ದನಿಗೆ ಮೊದಲು ನಕ್ಕರು. ಆಮೇಲೆ ಸೆರಗು ಬಿಗಿಹಿಡಿದರು. ಎರಡನೇ ನಿಮಿಷಕ್ಕೆ ಎದ್ದೇಬಿಟ್ಟರು.

"ಬಂದ್ ಮಾಡ್ರಿ ಸರ್ ಅದು."

"ಯಾಕ ಯವ್ವಾ? ಮಾತು ಕೇಳ್ಸಲ್ಲೇನು?"

"ಮರಿ ಅಳ್ಳಾಕತ್ತಾವಲ್ರೀ! ಹಸದಾವ ಅವು. ತಾಯಿಗಿ ಕರಿಲಾಕತ್ತಾವ. ಅವು ಹಂಗ ಒದರುವಾಗ ನಾ ಕಥಿ ಹೇಳ್ತಾ ಕುಂತ್ರ ಮಂದಿ ನನಗ ಏನಂತಾರ?"

ತಾಯಿಕುರಿಗಳು ಬೆಳಿಗ್ಗೆ ಮೇಯಲು ಹೋದರೆ ಎಳೆಮರಿಗಳಿಗೆ ಸಂಜೆಯವರೆಗೆ ಹಾಲಿಲ್ಲ. ಇದು ಕುರಿ ಸಾಕಿದವರಿಗೆಲ್ಲ ಗೊತ್ತು. ನಾನು ಆ ಹಸಿವನ್ನೇ ಕತ್ತರಿಸಿ, ಜೋಡಿಸಿ, ಸಂಜೆಯೇ ಆಗದಂತೆ ಮಾಡಿದ್ದೆ. ನಿಜ ಹೇಳುತ್ತೇನೆ, ತುಂಬ ನಾಚಿಕೆಯಾಯಿತು.

"ಮರಿಗಿ ತಾಯಿ ಬಿಡ್ರಿ. ಇಲ್ಲಾಂದ್ರ ನನ್ನ ಮಾತು ತಗದ್ ಹಾಕ್ರಿ" ಎಂದು ಮಾಳಮ್ಮ ಚಪ್ಪಲಿ ಮೆಟ್ಟಿದರು. ಗ್ರೇಸ್ ಟೀಚರ್ ಮುಖ ಸಣ್ಣದಾಯಿತು. ಆ ಮಾತು ಹೋದರೆ ಕೋಣೆಯಲ್ಲಿ ಉಳಿಯುವುದೇನು? ನಮ್ಮವ್ವ ಹೇಳಿದ್ದೇ ನಿಜವಾಗುತ್ತಿತ್ತು.

ಅವತ್ತೇ ಮಾಳಮ್ಮನ ಜೊತೆ ಅವರ ಊರಿಗೆ, ಔರಾದ ಕಡೆಯ ಬಸ್ಸು ಹತ್ತಿದೆ.

ಸಂಜೆ ಅವರ ಮನೆಯವರು ಹಿಂಡು ಹೊಡೆದುಕೊಂಡು ಬಂದರು. ದೊಡ್ಡಿಯ ಬಾಗಿಲು ತೆಗೆದರು. ಅಬ್ಬಬ್ಬಾ! ತಾಯಂದಿರು ಒಂದು ಕಡೆಯಿಂದ, ಮರಿಗಳು ಇನ್ನೊಂದು ಕಡೆಯಿಂದ. ನನ್ನ ಕಿವಿಗೆ ಎಲ್ಲ ಕೂಗೂ ಒಂದೇ. ತಾಯಿಕುರಿ ಮಾತ್ರ ಮೂಸಿ ನೋಡಿ, ತನ್ನದಲ್ಲದ್ದನ್ನು ತಲೆಯಿಂದ ತಳ್ಳಿ, ಕೂಗುತ್ತಾ ಮುಂದೆ ಹೋಗುತ್ತಿತ್ತು.

"ಇಷ್ಟು ಗದ್ದಲದಾಗ ಹ್ಯಾಂಗ ಗುರುತು ಹಿಡೀತಾವ ಯವ್ವಾ?"

"ನಿಮ್ಮವ್ವ ಕೂಗಿದ್ರ ನಿಮಗ ಗೊತ್ತಾಗಲ್ಲೇನ್ರಿ?"

ಅಷ್ಟರಲ್ಲಿ ಒಂದೊಂದೇ ಕೂಗು ಕಡಿಮೆಯಾಗತೊಡಗಿತು. ಒಂದು ಮರಿಗೆ ತಾಯಿ ಸಿಕ್ಕಿತು, ಒಂದು ದನಿ ನಿಂತಿತು. ಕೊನೆಗೆ ಎಲ್ಲ ಕಡೆ ಪುಟ್ಟ ಬಾಲಗಳು ಅಲ್ಲಾಡುತ್ತಿದ್ದವು, ಅಷ್ಟೇ. (ಬಾಲ ಅಲ್ಲಾಡುವುದು ರೆಕಾರ್ಡ್ ಆಗುವುದಿಲ್ಲ, ಪ್ರಯತ್ನಿಸಿ ನೋಡಿದ್ದೇನೆ.)

ಈ ಸಲ ರಾತ್ರಿಯಿಡೀ ಕೂತು ಎಡಿಟ್ ಮಾಡಲು ಹೋಗಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ, ಕೊನೆಯವರೆಗೂ ಹಾಕಿದೆ. ಮಾಳಮ್ಮ ಪೂರ್ತಿ ಕೇಳಿ, "ಈಗ ಇರ್ಲಿ" ಎಂದರು.

ಉದ್ಘಾಟನೆಯ ದಿನ ಕೋಣೆಯಿಂದ ಹೊರಬಂದ ಒಬ್ಬ ಲೆಕ್ಚರರ್ ನೇರ ನನ್ನ ಬಳಿಗೇ ಬಂದರು. "ಕಥಿ ಮುಗದ ಮ್ಯಾಲ ಎರಡು ಮಿನಿಟ್ ಏನೂ ಕೇಳ್ಸಲ್ರಿ. ನಿಮ್ಮ ಸ್ಪೀಕರ್ ಕೆಟ್ಟದ."

ಮೌನ, ಕಲೆ ಎಂದೆಲ್ಲ ದೊಡ್ಡ ಮಾತು ಆಡಲು ನಾನು ಬಾಯಿ ತೆರೆದಿದ್ದೆ. ಬಾಗಿಲ ಬಳಿ ಕೂತಿದ್ದ ಮಾಳಮ್ಮ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಕೆಟ್ಟಿಲ್ರಿ ಸರ್. ಮರಿಗೋಳ ಹೊಟ್ಟಿ ತುಂಬ್ಯಾದ."