ಮೂಡೆಯೊಳಗಿಂದ ಹಾದ ನಾಲ್ಕು ಬೆಳಕು

ಎಸ್.ಟಿ.ಡಿ. ಬೂತುಗಳ ಕಾಲದಲ್ಲಿ ಒಂದು ವರ್ಷ ಕೃಷ್ಣಾಷ್ಟಮಿಯ ವಾರ ನನಗೆ ಒಂದು ಹುಚ್ಚು ಹಿಡಿದಿತ್ತು. ಎದುರು ಸಿಕ್ಕಿದವರನ್ನೆಲ್ಲ ನಿಲ್ಲಿಸಿ, "ಎರಡು ಚಿಪ್ ವೈರ್ ಇಲ್ಲದೆ ಬೆಳಕಿನಲ್ಲೇ ಮಾತಾಡ್ತದೆ, ಗೊತ್ತುಂಟಾ?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ವಾಚು ನೋಡಿಕೊಂಡು ಜಾರಿಕೊಂಡರು. ಮಂಗಳೂರಿನ ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕಂಡಕ್ಟರ್ ಮಾತ್ರ ನಿಂತು ಕೇಳಿ, "ಅದರಲ್ಲಿ ಎಂತ ಉಂಟು ಮಾರಾಯ, ನನ್ನ ಬಸ್ಸಿನಲ್ಲಿ ಎಲ್ಲರೂ ವೈರ್ ಇಲ್ಲದೆಯೇ ಮಾತಾಡುದು" ಎಂದು ಸೀಟಿ ಊದಿ ಹೋದರು.

ನಾನು ಯಾವ ಕಾಲೇಜಿನಲ್ಲೂ ಇದನ್ನು ಕಲಿತವನಲ್ಲ. ಬಿಜೈಯಲ್ಲಿ ನನ್ನ ಸೋದರಮಾವನದ್ದು ರೇಡಿಯೋ ಮತ್ತು ಟಿ.ವಿ. ರಿಪೇರಿ ಅಂಗಡಿ. ಪಿ.ಯು.ಸಿ. ಮುಗಿದ ಮೇಲೆ ಅಲ್ಲಿಯೇ ಸೇರಿಕೊಂಡೆ. ಎದುರಿನ ಕುರ್ಚಿ ಮಾವನದ್ದು, ಗಿರಾಕಿಗಳೂ ಮಾವನವರು. ಹಿಂದೆ, ಬೀದಿಯ ಬಿಸಿಲು ತಲುಪದ ಗೋಡೆಯ ಪಕ್ಕ ಒಂದು ಬೆಂಚು, ಅದು ನನ್ನದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಅಲ್ಲಿ ಎಂತದಾದರೂ ಬೆಸುಗೆ ಹಾಕುತ್ತ ಕೂರುತ್ತಿದ್ದೆ. ಮಾವ ಅದನ್ನು "ನಿನ್ನ ಆಟ" ಎನ್ನುತ್ತಿದ್ದರು.

ಆಟಕ್ಕೆ ಬೆಂಕಿ ಹತ್ತಿದ್ದು ಕುದ್ರೋಳಿಯ ಒಂದು ರದ್ದಿ ಅಂಗಡಿಯಲ್ಲಿ. ಹಳೇ ಸರ್ಕ್ಯೂಟ್ ಪುಸ್ತಕ ಸಿಗುತ್ತದೋ ಎಂದು ಕೆದಕುತ್ತಿದ್ದಾಗ ಯಾವುದೋ ವಿದೇಶೀ ಪತ್ರಿಕೆಯ ಅರ್ಧ ಹರಿದ ಹಾಳೆ ಕೈಗೆ ಬಂತು. ಚಿಪ್‌ಗಳು ದಿನದಿಂದ ದಿನಕ್ಕೆ ವೇಗವಾಗುತ್ತಿವೆ, ಒಂದರಿಂದ ಇನ್ನೊಂದಕ್ಕೆ ಹೋಗುವ ವೈರ್‌ಗಳೇ ಈಗ ಅಡ್ಡಿ, ಆದ್ದರಿಂದ ಸಾಲಾಗಿ ಹಲವು ಬೆಳಕಿನ ಕಿರಣಗಳನ್ನು ಒಟ್ಟಿಗೆ ಕಳಿಸಿ ನೋಡುತ್ತಿದ್ದಾರೆ ಎಂದು ಅದರಲ್ಲಿತ್ತು. ಬೆಳಕು ಬೆಳಕನ್ನು ದಾಟಿ ಹೋದರೂ ಡಿಕ್ಕಿಯಿಲ್ಲ ಎಂದೂ ಇತ್ತು. ನಾನು ಅಲ್ಲೇ ಗೋಣಿಚೀಲದ ಮೇಲೆ ಕುಳಿತುಬಿಟ್ಟೆ. ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ನಾಲ್ಕೂ ಕಡೆಯ ಬಸ್ಸುಗಳು ಏಕಕಾಲಕ್ಕೆ ಒಂದರೊಳಗಿಂದ ಒಂದು ನುಗ್ಗಿ ಹೋದರೂ ಒಬ್ಬನೂ ಹಾರ್ನ್ ಹೊಡೆಯುವುದಿಲ್ಲ, ಒಬ್ಬನೂ ಬಯ್ಯುವುದಿಲ್ಲ ಎಂದರೆ ಹೇಗಿರಬಹುದು? ಹಾಗೆ.

ನಾನು ಮಾಡಲು ಹೊರಟದ್ದು ಅದರ ಮರಿಮಗು. ಒಂದು ಬೋರ್ಡಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುವ ಚಿಪ್. ಅದರ ನಾಲ್ಕು ಕಾಲುಗಳಿಗೆ ನಾಲ್ಕು ಎಲ್.ಇ.ಡಿ. ದೀಪ. ಎದುರಿನ ಬೋರ್ಡಿನಲ್ಲಿ ಬೆಳಕು ಹಿಡಿಯುವ ನಾಲ್ಕು ಕಣ್ಣು, ಅವುಗಳ ಹಿಂದೆ ಅಂಕಿ ತೋರಿಸುವ ಇನ್ನೊಂದು ಚಿಪ್. ದೀಪಗಳ ಬೆಲೆ ಒಂದು, ಎರಡು, ನಾಲ್ಕು, ಎಂಟು. ಮೂರು ಎನ್ನಬೇಕಾದರೆ ಒಂದರದ್ದೂ ಎರಡರದ್ದೂ ಒಟ್ಟಿಗೆ ಉರಿಯಬೇಕು. ನಡುವೆ ವೈರ್ ಇಲ್ಲ, ಬರೀ ಗಾಳಿ.

ಅಷ್ಟರಲ್ಲಿ ಮಾವ ಬಾಂಬು ಹಾಕಿದರು.

"ನಮ್ಮ ಅಂಗಡಿಯಲ್ಲೂ ಒಂದು ಎಸ್.ಟಿ.ಡಿ. ಫೋನ್ ಬೂತ್ ಹಾಕಿಸ್ತೇನೆ. ಶನಿವಾರ ಬೂತಿನವರು ಅಳತೆಗೆ ಬರ್ತಾರೆ. ಹಿಂದಿನ ಬೆಂಚು ತೆಗೀಬೇಕು."

"ನಾನು ಎಲ್ಲಿ ಕೂತುಕೊಳ್ಳುದು ಮಾವ?"

"ಎದುರು, ನನ್ನ ಒಟ್ಟಿಗೆ. ಗಿರಾಕಿಗಳ ಹತ್ತಿರ ಮಾತಾಡ್ಲಿಕ್ಕೆ ಕಲಿ."

ಎದುರು ಕುಳಿತರೆ ಬೀದಿಯ ಬೆಳಕು ನನ್ನ ನಾಲ್ಕು ಕಣ್ಣುಗಳನ್ನೂ ಕುರುಡು ಮಾಡುತ್ತಿತ್ತು. ಬೆಂಚು ಹೋದರೆ ಎಲ್ಲವೂ ಹೋದ ಹಾಗೆ. ಶನಿವಾರದ ಮೊದಲು ಇದನ್ನು ಮಾಡಿ ತೋರಿಸಿದರೆ ಬೆಂಚು ಬಿಡುತ್ತೀರಾ ಎಂದು ಕೇಳಿದೆ. "ತೋರಿಸು, ನೋಡುವ" ಎಂದರು ಮಾವ. ಅವರು 'ನೋಡುವ' ಎಂದರೆ ಇಲ್ಲ ಎಂದೇ ಅರ್ಥ, ಅದು ನಮ್ಮ ಮನೆಯ ಬೆಕ್ಕಿಗೂ ಗೊತ್ತು.

ಸ್ವಿಚ್ಚು ಹಾಕಿದೆ. ಎದುರಿನ ಅಂಕಿಗೆ ಮೈಮೇಲೆ ಬಂದಂತಿತ್ತು. ಒಂದು ಕಳಿಸಿದರೆ ಮೂರು ಕಾಣಿಸಿತು, ಎರಡು ಕಳಿಸಿದರೆ ಏಳು, ನಾಲ್ಕು ಕಳಿಸಿದರೆ ಲೆಕ್ಕ ಒಂಬತ್ತನ್ನು ದಾಟಿ ಬರೀ ಕತ್ತಲೆ. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಒಂದು ದೀಪದ ಬೆಳಕು ಹರಡಿ ಪಕ್ಕದ ಕಣ್ಣಿನ ಮೇಲೂ ಬೀಳುತ್ತಿತ್ತು. ಪ್ರತಿ ದೀಪಕ್ಕೂ ಒಂದೊಂದು ಕೊಳವೆ ಬೇಕಿತ್ತು.

ಮನೆಗೆ ಹೋದರೆ ಅಡುಗೆಕೋಣೆಯಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಅಷ್ಟಮಿಗೆ ಮೂಡೆ ಕಟ್ಟುತ್ತ ಕುಳಿತಿದ್ದರು. ಕೇದಗೆಯಂತಹ ಮುಂಡೇವಿನ ಉದ್ದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಸಾಲಾಗಿ ನಿಲ್ಲಿಸಿದ್ದರು. ಇಡ್ಲಿ ಹಿಟ್ಟು ಹುಯ್ಯುವ ಹಸಿರು ಕೊಳವೆಗಳು, ಒಂದರ ಪಕ್ಕ ಒಂದು. ನನಗೆ ಬೇಕಾದ ಕೊಳವೆ ಇದೇ ಅಲ್ಲವೇ!

"ಅತ್ತೆ, ನನಗೆ ನಾಲ್ಕು ಸಣ್ಣ ಮೂಡೆ ಕಟ್ಟಿ ಕೊಡಿ. ಬೆರಳು ಹೋಗುವಷ್ಟು, ತಳ ಇಲ್ಲದ್ದು."

"ಅಷ್ಟು ಸಣ್ಣದಾ? ಇರುವೆಗಳಿಗೆ ಅಷ್ಟಮಿ ಊಟ ಹಾಕ್ತೀಯಾ ಎಂತ?"

"ಬೆಳಕು ಹೋಗ್ಲಿಕ್ಕೆ."

"ಬೆಳಕನ್ನು ಬೇಯಿಸ್ತೀಯಾ? ಆಯ್ತು ಮಗಾ, ಚಟ್ನಿ ಬೇಕಾದರೆ ಈಗಲೇ ಹೇಳು."

ನಗುತ್ತಲೇ ಕಟ್ಟಿಕೊಟ್ಟರು. ಎಂತಹ ಕೈ ಅವರದ್ದು, ನಾಲ್ಕೂ ಅಚ್ಚಿನಲ್ಲಿ ಹಾಕಿದ ಹಾಗೆ. ಶುಕ್ರವಾರ ಮಧ್ಯಾಹ್ನ ಮಾವ ಊಟಕ್ಕೆ ಹೋದದ್ದೇ ದೀಪಗಳಿಗೆ ಮೂಡೆ ತೊಡಿಸಿ ಸ್ವಿಚ್ಚು ಹಾಕಿದೆ.

ಒಂದಕ್ಕೆ ಮೂರು. ಎರಡಕ್ಕೆ ಏಳು.

ಬೆಸುಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಒಂದಕ್ಕೆ ಮೂರು. ಕೊನೆಗೆ ಸಿಟ್ಟಿನಲ್ಲಿ ಒಂದು ಎಲೆಯ ತುಂಡನ್ನು ದೀಪಕ್ಕೂ ಕಣ್ಣಿಗೂ ಮಧ್ಯೆ ಅಡ್ಡ ಹಿಡಿದೆ. ಅಂಕಿ ಬದಲಾಗಲಿಲ್ಲ. ಎಲೆ ಮಡಚಿ ಹಿಡಿದೆ, ಆಗಲೂ ಮೂರೇ. ಬಿಲ್ ಪುಸ್ತಕದ ಕಾರ್ಬನ್ ಪೇಪರ್ ಹಿಡಿದೆ, ತಟ್ಟನೆ ಸೊನ್ನೆಯಾಯಿತು. ಮತ್ತೆ ಎಲೆ ಹಿಡಿದೆ, ಮೂರು ಮರಳಿ ಬಂತು.

ನಾನು ಬೆಂಚಿನ ಸುತ್ತ ಒಂದು ಸುತ್ತು ಕುಣಿದೆ ಎಂದರೆ ಸುಳ್ಳಲ್ಲ. ನಾನು ಹಾಕಿದ್ದು ಇನ್‌ಫ್ರಾರೆಡ್ ದೀಪಗಳು, ಮನುಷ್ಯರಿಗೆ ಕಾಣದ ಬೆಳಕು. ನಮಗೆ ಹಸಿರು ಗೋಡೆಯಾಗಿ ಕಾಣುವ ಎಲೆ ಆ ಬೆಳಕಿಗೆ ತೆಳು ಪರದೆ! ಅಷ್ಟಮಿಗೆ ಇಡೀ ಮಂಗಳೂರಿನ ಅಡುಗೆಮನೆಗಳಲ್ಲಿ ಸಾಲು ನಿಲ್ಲುವ ಮೂಡೆಗಳಲ್ಲಿ ಇಂತಹ ಗುಟ್ಟೊಂದು ಕುಳಿತಿದೆ, ನಾವು ಬರೀ ಚಟ್ನಿ ಹಚ್ಚಿ ತಿನ್ನುತ್ತಿದ್ದೇವೆ. ಯಾರಿಗಾದರೂ ಹೇಳಲೇಬೇಕಿತ್ತು. ಪಕ್ಕದ ಟೈಲರಿಗೆ ಹೇಳಿದೆ. ಅವರು ಬಾಯಲ್ಲಿದ್ದ ದಾರ ತೆಗೆದು, "ನೀನು ಊಟ ಮಾಡಿದ್ದೀಯಾ?" ಎಂದು ಕೇಳಿದರು.

ಕಾರ್ಬನ್ ಪೇಪರನ್ನೇ ಸುತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಲೆ ಆಗಲೇ ಬೇರೆ ಕಡೆ ಓಡಿತ್ತು. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತದೆ, ಅದಕ್ಕೇ ಅದು ಹಸಿರು ಎಂದು ಶಾಲೆಯಲ್ಲಿ ಕಲಿತದ್ದು ನೆನಪಾಯಿತು. ಹಾಗಾದರೆ ಕೆಂಪು ದೀಪ ಹಾಕಿದರೆ? ಕಳಚಿಟ್ಟಿದ್ದ ಒಂದು ಆಂಪ್ಲಿಫೈಯರಿನಿಂದ ನಾಲ್ಕು ಕೆಂಪು ಎಲ್.ಇ.ಡಿ. ಕಿತ್ತು ಹಾಕಿದೆ. ಕಣ್ಣುಗಳಿಗೆ ಕೆಂಪು ಸ್ವಲ್ಪ ಮಂದ, ಬೋರ್ಡುಗಳನ್ನು ಇನ್ನಷ್ಟು ಹತ್ತಿರ ತಂದೆ. ಒಂದಕ್ಕೆ ಒಂದು. ಎರಡಕ್ಕೆ ಎರಡು. ಒಂಬತ್ತರವರೆಗೆ ಹೋಗಿ ಸೊನ್ನೆಗೆ ಬಂದು ಮತ್ತೆ ಹೊರಟಿತು.

ಶನಿವಾರ ಬೂತಿನವರು ಟೇಪು ಹಿಡಿದುಕೊಂಡೇ ಬಂದರು. ನೀಟಾಗಿ ಬಾಚಿದ ತಲೆ, ಜೇಬಿನಲ್ಲಿ ಮೂರು ಪೆನ್ನು. ಮಾವ ಅವರನ್ನು ಹಿಂದೆ ಕರೆತಂದು ನನ್ನ ಕಡೆ ನೋಡಿದರು. "ಎಂತದೋ ತೋರಿಸ್ತೇನೆ ಅಂದಿದ್ದಿ."

ಸ್ವಿಚ್ಚು ಹಾಕಿದೆ. ಅಂಕಿಗಳು ಓಡಿದವು.

"ಇದರಲ್ಲಿ ಎಂತ ಉಂಟು? ನಾಲ್ಕು ತುಂಡು ವೈರ್ ಹಾಕಿದರೆ ಆಗುದಿಲ್ವಾ?" ಎಂದರು ಮಾವ.

"ನಾಲ್ಕಕ್ಕೆ ಆಗ್ತದೆ ಮಾವ. ನಾಲ್ಕು ಸಾವಿರ ಆದರೆ ವೈರ್ ಹಾಕ್ಲಿಕ್ಕೆ ಜಾಗ ಎಲ್ಲಿ? ಮುಂದೆ ಚಿಪ್‌ಗಳು ಹೀಗೇ ಮಾತಾಡುದು."

"ಮುಂದೆ ಅಂದರೆ? ನಾನು ಇರುವಾಗಲಾ?"

ಬೂತಿನವರು ಬೆಂಚಿನ ಕಾಲಿನ ಹತ್ತಿರ ಬಗ್ಗಿ ಟೇಪು ಎಳೆದರು. "ಇಲ್ಲಿಯೇ ಒಳ್ಳೇದು ಅಣ್ಣ, ಮೂಲೆ ಉಂಟಲ್ಲ. ಜನರಿಗೆ ಗುಟ್ಟಿನಲ್ಲಿ ಮಾತಾಡ್ಲಿಕ್ಕೆ ಆಗ್ತದೆ."

ಮಾವ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯನ್ನು ಮೊದಲ ಮೂಡೆಯ ಬಾಯಿಗೆ ಅಡ್ಡ ಇಟ್ಟರು. ಅಂಕಿಗಳು ಸೊನ್ನೆ ಸೊನ್ನೆ, ಎರಡು ಎರಡು, ನಾಲ್ಕು ನಾಲ್ಕು ಎಂದು ಕುಂಟತೊಡಗಿದವು. ಹಿಡಿ ತೆಗೆದರೆ ಸರಿಯಾಗಿ ಓಡಿದವು. ಎರಡನೆಯದಕ್ಕೆ ಇಟ್ಟರು. ಮೂರು ಬರಬೇಕಾದಲ್ಲಿ ಒಂದು ಬಂತು.

"ಓ," ಎಂದರು ಮಾವ. "ಇದು ಒಂದರದ್ದು. ಇದು ಎರಡರದ್ದು. ಒಬ್ಬನನ್ನು ಹಿಡಿದು ನಿಲ್ಲಿಸಿದರೂ ಉಳಿದವರು ಅವರವರ ದಾರಿಯಲ್ಲಿ ಹೋಗ್ತಾರೆ."

"ಅದೇ ಮಾವ, ಅದೇ ನಾನು ಹೇಳಿದ್ದು."

"ನೀನು ಹೇಳಿದ್ದು ಬರೇ ನಾಲ್ಕು ಸಾವಿರ. ಇದನ್ನು ಹೇಳಿಲ್ಲ."

ಬೂತಿನವರು ಟೇಪು ಹಿಡಿದು ಕಾಯುತ್ತಿದ್ದರು. "ಹಾಗಾದರೆ ಇಲ್ಲಿಯದ್ದೇ ಅಳತೆ ಬರೀಲಾ ಅಣ್ಣ?"

"ಇಲ್ಲಿ ಬೇಡ. ಎದುರು ಹಾಕಿ, ನನ್ನ ಕುರ್ಚಿ ಇರುವಲ್ಲಿ."

"ಮತ್ತೆ ನೀವು ಕೂತುಕೊಳ್ಳುದು?"

ಮಾವ ತಲೆ ಎತ್ತಲಿಲ್ಲ. ಕಾಲಿನಿಂದಲೇ ಒಂದು ಸ್ಟೂಲನ್ನು ಬೆಂಚಿನ ಹತ್ತಿರ ಎಳೆದುಕೊಂಡು, ನನ್ನನ್ನು ಮೊಣಕೈಯಿಂದ ಆಚೆ ದೂಡಿ ಕುಳಿತರು. ಬೆಂಚು ಉಳಿಯಿತು. ಆದರೆ ಆವತ್ತಿನಿಂದ ಅದರಲ್ಲಿ ಅರ್ಧ ಮಾತ್ರ ನನ್ನದು, ಅದೂ ಗೋಡೆಯ ಕಡೆಯ ಅರ್ಧ.

"ಕಡೆಯದ್ದನ್ನು ಮುಚ್ಚಿದರೆ ಒಂಬತ್ತು ಎಂತ ಆಗ್ತದೆ?" ಎಂದರು ಮಾವ. ನಾನು ಬಾಯಿ ತೆರೆದೆ. "ಹೇಳ್ಬೇಡ ಮಾರಾಯ, ಸುಮ್ಮನೆ ಕೂತ್ಕೋ. ನಾನು ನೋಡ್ತೇನೆ."