ಟ್ರ್ಯಾಕ್ಟರಿನ ಮೈಮೇಲಿದ್ದ ನೊಗದ ಗುರುತು

ಅದು ೧೯೬೪ನೇ ಇಸವಿ. ನನಗೆ ಆಗ ಇಪ್ಪತ್ತೆರಡು ವರ್ಷ. ಫಿಟ್ಟರ್ ತರಬೇತಿ ಮುಗಿಸಿ ಸೇರಿದ್ದ ಸಣ್ಣ ವರ್ಕ್‌ಶಾಪು ಬಾಗಿಲು ಹಾಕಿತ್ತು. ಏಳು ತಿಂಗಳಿಂದ ಜಯನಗರದಲ್ಲಿ ಅಣ್ಣನ ಮನೆಯಲ್ಲಿ ಕೂತಿದ್ದೆ. ಅತ್ತಿಗೆ ಒಂದು ದಿನವೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಎರಡನೇ ಸಲ ಅನ್ನ ಬಡಿಸಲು ಬಂದಾಗ ನಾನೇ “ಸಾಕು, ಸಾಕು” ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಹೊಟ್ಟೆ ಮಾತ್ರ ಸಾಕು ಎನ್ನುತ್ತಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಶ್ರೀಕಂಠಯ್ಯ ಎಂಬ ರಿಟೈರಾದ ಹೆಡ್‌ಮಾಸ್ಟರ್ ಇದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪುಟ್ಟೇನಹಳ್ಳಿ ಕೆರೆಯ ಹತ್ತಿರ ಅವರಿಗೆ ಒಂದಿಷ್ಟು ಜಮೀನಿತ್ತು. ಈಗ ಆ ಕಡೆಯೆಲ್ಲ ಜೆ.ಪಿ. ನಗರ ಎನ್ನುತ್ತಾರೆ, ಆಗ ಅಲ್ಲಿ ರಾಗಿ ಹೊಲ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮೇಷ್ಟ್ರಿಗೆ ಗುಲಾಬಿ ತೋಟ ಮಾಡುವ ಹುಚ್ಚು ಹಿಡಿದಿತ್ತು. ಊರು ಬಿಟ್ಟು ತನ್ನ ದೇಶಕ್ಕೆ ವಾಪಸ್ ಹೊರಟಿದ್ದ ಒಬ್ಬ ಫಾರಿನ್ ದೊರೆಯಿಂದ ಅವರು ಒಂದು ಪುಟ್ಟ ಟ್ರ್ಯಾಕ್ಟರ್ ಕೊಂಡಿದ್ದರು. ತೋಟದ ಕೆಲಸಕ್ಕೆಂದೇ ಮಾಡಿದ್ದು, ಎಮ್ಮೆಯಷ್ಟೇ ಎತ್ತರ. ಅದರ ಜೊತೆ ಒಂದು ದೊಡ್ಡ ಮರದ ಪೆಟ್ಟಿಗೆಯೂ ಬಂದಿತ್ತು. ಪೆಟ್ಟಿಗೆಯೊಳಗೆ ಒಂದಾಳುದ್ದದ, ಬಾಗಿದ ಕಬ್ಬಿಣದ ಹಲಗೆ, ಎರಡು ಉದ್ದ ತೋಳುಗಳು, ಒಂದು ಸಲಾಕೆ, ಒಂದು ಹಿಡಿಕೆ, ನಾಲ್ಕು ದಪ್ಪ ಪಿನ್ನು.

“ಇದನ್ನ ಜೋಡಿಸೋಕೆ ಬರುತ್ತೇನೋ ನಾಗರಾಜ?” ಎಂದು ಮೇಷ್ಟ್ರು ಕೇಳಿದರು.

“ಬರುತ್ತೆ ಮೇಷ್ಟ್ರೇ, ಇಂಥವು ಎಷ್ಟೋ ನೋಡಿದೀನಿ” ಎಂದುಬಿಟ್ಟೆ. ನಾನು ಅಂಥದ್ದು ಒಂದನ್ನೂ ನೋಡಿರಲಿಲ್ಲ. ಏಳು ತಿಂಗಳು ಮನೆಯಲ್ಲಿ ಕೂತವನ ಬಾಯಲ್ಲಿ ‘ಬರಲ್ಲ’ ಎಂಬ ಮಾತು ಹೊರಡುವುದಿಲ್ಲ.

ಮೇಷ್ಟ್ರು ಖುಷಿಯಾಗಿ ಹೇಳಿದರು: “ಸೋಮವಾರ ಗುಲಾಬಿ ಗಿಡ ಬರುತ್ತೆ. ಅಷ್ಟರೊಳಗೆ ನೆಲ ಮಟ್ಟ ಆಗಿರಬೇಕು. ಆಯ್ತು ಅಂದ್ರೆ ನಿನ್ನನ್ನ ತೋಟಕ್ಕೆ ಕಾಯಂ ಇಟ್ಕೋತೀನಿ. ಆಗ್ಲಿಲ್ವೋ, ಈ ಮಿಷನ್ನೂ ಬೇಡ, ಮಿಷನ್ನಿನೋನೂ ಬೇಡ.” ಅವತ್ತು ಗುರುವಾರ.

ಪೆಟ್ಟಿಗೆಯಲ್ಲಿ ಒಂದು ಪುಸ್ತಕವೂ ಇತ್ತು. ಅರ್ಧ ಭಾಗವನ್ನು ಗೆದ್ದಲು ತಿಂದಿತ್ತು. ಮೇಲಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ‘ಸ್ನೋ ಪ್ಲೋ’ ಎಂದಿತ್ತು. ನನಗೆ ಗೊತ್ತಿದ್ದ ಸ್ನೋ ಎಂದರೆ ಅತ್ತಿಗೆ ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಸ್ನೋ ಒಂದೇ. ಕಂಪನಿ ಹೆಸರಿರಬೇಕು ಅಂದುಕೊಂಡೆ. ಉಳಿದಿದ್ದ ಒಂದೇ ಚಿತ್ರದಲ್ಲಿ ದಪ್ಪ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಟ್ರ್ಯಾಕ್ಟರ್ ಮೇಲೆ ಕೂತಿದ್ದ. ಟ್ರ್ಯಾಕ್ಟರಿನ ಮುಂಭಾಗವೆಲ್ಲ ಗೆದ್ದಲಿನ ಹೊಟ್ಟೆ ಸೇರಿತ್ತು. ಸುತ್ತಲೂ ನೆಲ ಬೆಳ್ಳಗಿತ್ತು. ಪಾಪ, ನೆಲಕ್ಕೆ ಬಣ್ಣ ಹಾಕುವುದನ್ನು ಮರೆತಿದ್ದಾರೆ ಎಂದುಕೊಂಡೆ! ಅದು ಹಿಮ, ಆ ಹಲಗೆ ರಸ್ತೆಯ ಮೇಲಿನ ಹಿಮವನ್ನು ಮುಂದಕ್ಕೆ ತಳ್ಳಿ ಪಕ್ಕಕ್ಕೆ ಹಾಕುವ ಸಾಧನ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪ್ಲೋ ಎಂದರೆ ನೇಗಿಲು, ಅದಂತೂ ಗೊತ್ತಿತ್ತು. ನೇಗಿಲಾಗಲಿ, ಕುಂಟೆಯಾಗಲಿ, ಮಣ್ಣು ಎಳೆಯುವ ಹಲಗೆಯಾಗಲಿ, ನಾನು ಕಂಡದ್ದೆಲ್ಲ ಎತ್ತಿನ ಹಿಂದೆಯೇ. ಎತ್ತು ಮುಂದೆ, ಸಾಮಾನು ಹಿಂದೆ. ಇದರಲ್ಲಿ ಯೋಚನೆ ಮಾಡಲು ಏನಿದೆ? ಶುಕ್ರವಾರ ಪೂರ್ತಿ ಬೆವರು ಸುರಿಸಿ ಆ ಹಲಗೆಯನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿದೆ. ತೋಳುಗಳು ಅಲ್ಲಿ ಕೂರಲೇ ಇಲ್ಲ. ಸರಪಳಿ ಹಾಕಿ, ಬೇರೆ ಬೋಲ್ಟು ತಂದು, ಹೇಗೋ ಬಿಗಿದೆ. ಕೊನೆಗೆ ಸಲಾಕೆ, ಹಿಡಿಕೆ, ನಾಲ್ಕೂ ಪಿನ್ನು ಹಾಗೇ ಮಿಕ್ಕವು. ಅವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ.

ಇಷ್ಟು ಹೊತ್ತೂ ಬೇಲಿಯಾಚೆ ಒಬ್ಬ ರೈತ ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಆಳು, ತಲೆಗೆ ಕೆಂಪು ಚೌಕದ ಟವೆಲ್ಲು. ಹೆಸರು ಮುನಿಯಪ್ಪ, ಪುಟ್ಟೇನಹಳ್ಳಿಯವರು. ಹಿಂದೆ ಗಾಡಿ, ಗಾಡಿಯೊಳಗೆ ಒಂದು ಮರದ ಹಲಗೆ, ಜೊತೆಗೆ ಎರಡು ಬಿಳಿ ಎತ್ತು. ಗುರುವಾರವೂ ಹೀಗೇ ಬಂದು ನಿಂತು ಹೋಗಿದ್ದರು. ನಾನು ಪೆಟ್ಟಿಗೆ ಮುಚ್ಚುವುದನ್ನು ನೋಡಿ ಒಂದೇ ಮಾತು ಕೇಳಿದರು: “ಸಾಮಿ, ಮಿಕ್ಕಿದ್ದು ಯಾವುದಕ್ಕೆ?”

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ಎತ್ತು ನೀವು ನೋಡ್ಕೊಳ್ಳಿ ಯಜಮಾನ್ರೇ. ಇದು ಮಿಷನ್ನು, ನಿಮಗೆ ಗೊತ್ತಾಗಲ್ಲ” ಎಂದು ಗದರಿದೆ. ಅವರು ಬೀಡಿ ಹಚ್ಚಿದರು. ನಗುವುದಕ್ಕೇ ಬಂದು ನಿಂತಿದ್ದಾರೆ ಎಂದು ಬೈದುಕೊಂಡೆ.

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರ್ ಚಾಲೂ ಮಾಡಿದೆ. ಹತ್ತು ಮಾರು ಚೆನ್ನಾಗಿಯೇ ಹೋಯಿತು. ಮಣ್ಣು ಹಲಗೆಗೆ ಸಿಕ್ಕಿ ಉರುಳುವುದನ್ನು ಹಿಂದೆ ತಿರುಗಿ ನೋಡಿ ಬೀಗುತ್ತಿದ್ದೆ. ಆ ಜಾಗದಲ್ಲಿ ಹಿಂದೆ ಒಂದು ಹುಣಸೇಮರ ಇತ್ತಂತೆ. ಅದರ ಬೇರಿಗೆ ಹಲಗೆ ಹೋಗಿ ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗುತ್ತಲೇ ಇತ್ತು, ಹಲಗೆ ಮಾತ್ರ ಜಗ್ಗಲಿಲ್ಲ. ನೋಡನೋಡುತ್ತಿದ್ದಂತೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದಿತು. ಎದುರಿಗೆ ಹೊಲ ಇರಬೇಕಾದಲ್ಲಿ ಬರೀ ಆಕಾಶ. ಕ್ಲಚ್ ತುಳಿಯಬೇಕು ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಾಲು ಕಲ್ಲಾಗಿಹೋಗಿತ್ತು. ಇನ್ನೊಂದು ಗಳಿಗೆ ಹೋಗಿದ್ದರೆ ಅದು ಹಿಂದಕ್ಕೆ ಮಗುಚಿ ನನ್ನ ಎದೆಯ ಮೇಲೇ ಬೀಳುತ್ತಿತ್ತು.

“ಏಯ್, ಏಯ್!” ಎಂಬ ಕೂಗು ಕೇಳಿತು. ಮುನಿಯಪ್ಪ ಬೇಲಿ ಹಾರಿ ಓಡಿಬಂದು, ಮೇಲೆದ್ದಿದ್ದ ಮೂತಿಯ ಕಬ್ಬಿಣಕ್ಕೆ ಎರಡೂ ಕೈ ಹಾಕಿ ನೇತುಬಿದ್ದರು. ಕೊಬ್ಬಿದ ಹೋರಿಯ ಮೂಗುದಾರ ಹಿಡಿದು ಜಗ್ಗುವ ಹಾಗೆ ಇಡೀ ಮೈಭಾರ ಹಾಕಿ ಕೆಳಗೆಳೆದರು. ಮೂತಿ ದೊಪ್ಪೆಂದು ನೆಲಕ್ಕೆ ಬಿತ್ತು, ಇಂಜಿನ್ ಕೆಮ್ಮಿ ನಿಂತುಹೋಯಿತು. ಅವರ ಮೊಣಕೈ ತರಚಿ ರಕ್ತ ಬರುತ್ತಿತ್ತು. ನನಗೆ ಒಂದು ಗಾಯವೂ ಇಲ್ಲ. ಆದರೆ ಕೆಳಗಿಳಿದವನು ಮಣ್ಣಿನಲ್ಲೇ ಕೂತು ಅತ್ತುಬಿಟ್ಟೆ.

ಮುನಿಯಪ್ಪ ಗಾಡಿಯಿಂದ ನೀರಿನ ಸೋರೆಬುರುಡೆ ತಂದು ಕೊಟ್ಟರು. “ಕುಡಿ ಮಗ. ಎದೆ ಗಟ್ಟಿ ಮಾಡ್ಕೋ. ಏನೂ ಆಗಿಲ್ಲ” ಎಂದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಇಂಥ ಮಿಷನ್ನು ನಾನು ನೋಡೇ ಇಲ್ಲ, ಸೋಮವಾರ ಮೇಷ್ಟ್ರು ಕಳಿಸಿಬಿಡುತ್ತಾರೆ, ಮತ್ತೆ ಅಣ್ಣನ ಮನೆಯ ಮೂಲೆಯೇ ಗತಿ ಎಂದೆ. ಅವರು ಎತ್ತುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಎದ್ದು ಟ್ರ್ಯಾಕ್ಟರಿನ ಹತ್ತಿರ ಹೋದರು.

ಸಂತೆಯಲ್ಲಿ ಎತ್ತು ಕೊಳ್ಳುವವರು ಹೇಗೆ ನೋಡುತ್ತಾರೋ ಹಾಗೆ ಅದನ್ನು ಸುತ್ತು ಹಾಕಿದರು. ಬೆನ್ನು ಸವರಿದರು, ಬಗ್ಗಿ ಹೊಟ್ಟೆಯ ಕೆಳಗೆ ಕೈ ಹಾಕಿದರು. “ಇದು ಹೊಸಾ ಕರು ಅಲ್ಲ. ಆ ದೊರೆ ಇದ್ರ ಕೈಲಿ ಗೇಯಿಸ್ಕೊಂಡೌನೆ. ಗೇದ ಎತ್ತಿಗೆ ಕತ್ತಲ್ಲಿ ನೊಗದ ಗುರುತು ಇದ್ದೇ ಇರ್ತದೆ. ಅದನ್ನ ಹುಡುಕು” ಎಂದರು.

ನಾನೂ ಬಗ್ಗಿದೆ. ಹಿಂಭಾಗದಲ್ಲಿ ನಾನು ಬೋಲ್ಟು ಬಿಗಿದಿದ್ದ ಜಾಗದಲ್ಲಿ ಹಳೆಯ ಬಣ್ಣ ಒಂದಿಷ್ಟೂ ಕೆಟ್ಟಿರಲಿಲ್ಲ. ಮುನಿಯಪ್ಪ ನನ್ನ ಕೈ ಹಿಡಿದು ಮುಂದಿನ ಚಕ್ರಗಳ ಹಿಂದೆ, ಹೊಟ್ಟೆಯ ಎರಡೂ ಕಡೆ ಬೆರಳಾಡಿಸಿದರು. ಅಲ್ಲಿ ಬಣ್ಣ ಸವೆದು ಕಬ್ಬಿಣ ನುಣ್ಣಗೆ ಹೊಳೆಯುತ್ತಿತ್ತು. ಮಣ್ಣು ಮೆತ್ತಿಕೊಂಡಿದ್ದ ಎರಡು ತೂತುಗಳೂ ಸಿಕ್ಕವು, ಬಾಯಿ ಸವೆದ ತೂತುಗಳು.

“ನೋಡ್ದಾ? ನೊಗ ಕೂತಿದ್ದು ಮುಂದ್ಗಡೆ. ಇದು ಎಳೆಯೋದಲ್ಲ. ತಳ್ಳೋದು” ಎಂದರು ಮುನಿಯಪ್ಪ. “ನಾನು ಹುಟ್ಟಿದಾಗಿಂದ ಮುಂದಕ್ಕೆ ತಳ್ಳೋ ಹಲಗೆ ಕಂಡಿಲ್ಲ. ಆದ್ರೆ ಗುರುತು ಸುಳ್ಳು ಹೇಳಲ್ಲ.”

ಆಮೇಲಿನ ಜೋಡಣೆ ನನಗೆ ತಿಳಿಯಿತು. ಎರಡೂ ತೋಳುಗಳನ್ನು ಹೊಟ್ಟೆಯ ಕೆಳಗಿನಿಂದ ಹಾಯಿಸಿ ಹಲಗೆಯನ್ನು ಮೂತಿಯ ಮುಂದೆ ನಿಲ್ಲಿಸಿದೆವು. ಮುನಿಯಪ್ಪ ಹೆಗಲು ಕೊಟ್ಟು ಎತ್ತಿ ಹಿಡಿದರು, ನಾನು ಪಿನ್ನು ಹೊಡೆದೆ. ಒಂದು ಪಿನ್ನು ಅರ್ಧಕ್ಕೇ ನಿಂತಾಗ ಅವರು ಗಾಡಿಯ ಕೆಳಗೆ ತೂಗುಹಾಕಿದ್ದ ಬಿದಿರಿನ ಕೊಳವೆಯಿಂದ, ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ತಂದು ಬಳಿದರು. ಪಿನ್ನು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಸಲಾಕೆಗೆ ಹಿಡಿಕೆ ಸೇರಿಸಿದೆ. ಸೀಟಿನಲ್ಲಿ ಕೂತು ಹಿಡಿಕೆ ಎಳೆದರೆ ಹಲಗೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಪೆಟ್ಟಿಗೆಯಲ್ಲಿ ಏನೂ ಮಿಕ್ಕಿರಲಿಲ್ಲ. ಮುನಿಯಪ್ಪ ಟ್ರ್ಯಾಕ್ಟರಿನ ಬಾನೆಟ್ಟನ್ನು ಎರಡು ಸಲ ತಟ್ಟಿ, “ಈಗ ನಡಿಯಪ್ಪ” ಎಂದು ಅದಕ್ಕೇ ಹೇಳಿ, ಎತ್ತು ಹೊಡೆದುಕೊಂಡು ಹೊರಟುಹೋದರು. ಗಾಡಿಯಲ್ಲಿ ಆ ಮರದ ಹಲಗೆ ಅಲ್ಲಾಡುತ್ತಿದ್ದುದು ಕಾಣಿಸಿತು. ಅದು ಯಾಕಿದೆ ಎಂದು ಆಗಲೂ ನನಗೆ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನದೊಳಗೆ ನೆಲ ಮಟ್ಟ ಮಾಡಿ ಮುಗಿಸಿದೆ. ಸಂಜೆ ಮೇಷ್ಟ್ರು ಬಂದರು. ಮಟ್ಟವಾದ ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದರು. “ಭೇಷ್ ಕಣೋ! ನಾಳೆಯಿಂದ ನೀನು ಇಲ್ಲೇ” ಎಂದು ಬೆನ್ನು ತಟ್ಟಿದರು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ತರಚಿದ ಮೊಣಕೈ ಕಣ್ಣ ಮುಂದೆಯೇ ಇತ್ತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಮೇಷ್ಟ್ರ ಮುಖ ಒಂದು ಥರ ಆಯಿತು. “ಮುನಿಯಪ್ಪನಾ? ಪ್ರತಿ ವರ್ಷ ಎತ್ತಿಗೆ ಮರದ ಹಲಗೆ ಕಟ್ಟಿ ಈ ನೆಲ ಮಟ್ಟ ಮಾಡ್ತಿದ್ದೋನು ಅವನೇ ಕಣೋ. ಮಿಷನ್ ಬಂತಲ್ಲ ಅಂತ ಈ ಸಲ ಬೇಡ ಅಂದೆ. ‘ಹುಡುಗನ ಕೈಲಿ ಆಗ್ದಿದ್ರೆ ನಿನ್ನನ್ನೇ ಕರೀತೀನಿ, ಎತ್ತು ತಯಾರಿಟ್ಕೊಂಡಿರು’ ಅಂತಲೂ ಹೇಳಿದ್ದೆ” ಎಂದರು.

ಸೈಕಲ್ ಹತ್ತಿ ನೇರ ಪುಟ್ಟೇನಹಳ್ಳಿಗೆ ಹೊಡೆದೆ. ಮುನಿಯಪ್ಪ ಕೆರೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದರು. “ನಿಮ್ಮ ಕೆಲಸ ನಾನು ಕಿತ್ಕೊಂಡೆ. ಮೊದಲೇ ಯಾಕೆ ಹೇಳ್ಲಿಲ್ಲ?” ಎಂದೆ.

ಅವರು ಎತ್ತಿನ ಬೆನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಸುಳ್ಳು ಯಾಕೆ ಹೇಳ್ಲಿ ಮಗ, ನಿನ್ ಕೈಲಿ ಆಗ್ದಿರ್ಲಿ ಅಂತಾನೇ ಎರಡು ದಿನ ನಿಂತಿದ್ದೆ. ಒಂದು ಮಾತು ಕೇಳ್ದೆ, ನೀನು ಗದರಿದೆ. ಒಳ್ಳೇದೇ ಆಯ್ತು ಅಂದ್ಕೊಂಡೆ. ಆಮೇಲೆ ಅದು ಮೂತಿ ಎತ್ತಿ ಒದ್ದಾಡ್ತಲ್ಲ, ತಡೀಲಿಲ್ಲ. ನೀನೂ ಸಾಯ್ತಿದ್ದೆ. ಅದಕ್ಕೂ ತಪ್ಪು ಕಡೆ ನೊಗ ಕಟ್ಟಿದ್ದೆ. ಎತ್ತಾಗ್ಲಿ, ಕಬ್ಬಿಣ ಆಗ್ಲಿ, ತಪ್ಪು ನೊಗ ಹೊತ್ತಿರೋದನ್ನ ಕಣ್ಣಾರೆ ಕಂಡು ಬಿಚ್ಚದೆ ಹೆಂಗ್ ಹೋಗ್ಲಿ?”

ನಾನು ಪ್ಯಾಂಟು ಮಡಚಿ ನೀರಿಗಿಳಿದು ಇನ್ನೊಂದು ಎತ್ತಿನ ಮೈ ತೊಳೆದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಆ ವರ್ಷ ಗುಲಾಬಿಗೆ ಬೇಕಾದ ಗೊಬ್ಬರವನ್ನೆಲ್ಲ ಅವರ ಗಾಡಿಯಲ್ಲೇ ತರಿಸಿ ಎಂದು ಮೇಷ್ಟ್ರನ್ನು ಕಾಡಿದೆ, ಅವರು ಒಪ್ಪಿದರು. ಆದರೂ ಅದು ಕಳೆದುಹೋದ ಕೆಲಸಕ್ಕೆ ಸಮವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮುನಿಯಪ್ಪ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಮುಂದೆ ನನ್ನದೇ ಒಂದು ಗ್ಯಾರೇಜು ಆಯಿತು. ಈಗ ಮಗ ನೋಡಿಕೊಳ್ಳುತ್ತಾನೆ. ಮುನಿಯಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಅವರ ಹೊಲದ ಮೇಲೆ ಮನೆಗಳು ಎದ್ದಿವೆ. ಇವತ್ತಿಗೂ ಗೊತ್ತಿಲ್ಲದ ಮಿಷನ್ನು ಯಾರಾದರೂ ತಂದು ಮುಂದಿಟ್ಟರೆ, “ನನಗೆ ಗೊತ್ತಿಲ್ಲ, ನೋಡೋಣ” ಎಂದೇ ಶುರುಮಾಡುತ್ತೇನೆ. ಆಮೇಲೆ ಬಗ್ಗಿ ಬಣ್ಣ ಎಲ್ಲಿ ಸವೆದಿದೆ ಎಂದು ಬೆರಳಿನಿಂದ ಹುಡುಕುತ್ತೇನೆ. ಸವೆದ ಜಾಗ ಬೆರಳಿಗೆ ನುಣ್ಣಗೆ ಸಿಕ್ಕಾಗ, ನನ್ನ ಕೈ ಹಿಡಿದು ಅದನ್ನು ತೋರಿಸಿದ ಆ ಒರಟು ಕೈ ನೆನಪಾಗಿ ಕಣ್ಣು ಒದ್ದೆಯಾಗುತ್ತದೆ. ನಾನು ಸೋತರೆ ಸಾಕು ಎಂದು ಕಾದು ನಿಂತಿದ್ದವರು, ನಾನು ಸೋಲುವ ಹೊತ್ತಿಗೆ ಬೇಲಿ ಹಾರಿ ಬಂದರು.